‘ಸರ್ವರ್ ಇಲ್ಲ’ ಅಂದರೆ ಯಾವುದು ಇಲ್ಲ?

ನಾಡಕಚೇರಿಗೋ ಪಂಚಾಯಿತಿಗೋ ಒಂದು ಕಾಗದಕ್ಕೆಂದು ಹೋದವರು ಕೇಳದೇ ವಾಪಸ್ ಬರದ ಮಾತೊಂದಿದೆ: ‘ಸರ್ವರ್ ಇಲ್ಲ, ನಾಳೆ ಬನ್ನಿ’. ಒಂದು ದಿನದ ಕೂಲಿ ಹೋಯಿತು, ಬಸ್ ಚಾರ್ಜು ಹೋಯಿತು, ಮಗಳ ಸ್ಕಾಲರ್‌ಶಿಪ್ ಅರ್ಜಿಗೆ ಉಳಿದ ದಿನಗಳಲ್ಲಿ ಒಂದು ಕಡಿಮೆಯಾಯಿತು. ಮಳೆ ಬಂದಿಲ್ಲ ಅಂದಹಾಗೆ ಸರ್ವರ್ ಬಂದಿಲ್ಲ ಅಂತ ನಾವೂ ಒಪ್ಪಿಕೊಂಡು ಎದ್ದು ಬರುತ್ತೇವೆ. ಯಾರ ತಪ್ಪೂ ಅಲ್ಲ ಅನ್ನುವ ಹಾಗೆ.

ಜಿಲ್ಲೆಯ ಕಚೇರಿಗಳನ್ನು ದಿನಾ ಸುತ್ತುವ ನಮಗೆ ಈ ಮಾತಿನ ಮೇಲೆ ಅನುಮಾನ ಬಂದು ಬಹಳ ದಿನವಾಯಿತು. ‘ಸರ್ವರ್ ಇಲ್ಲ’ ಅನ್ನುವುದು ಒಂದೇ ಕಾಯಿಲೆಯಲ್ಲ. ಹೊಟ್ಟೆನೋವು, ಹಲ್ಲುನೋವು, ಕಾಲುನೋವು ಎಲ್ಲಕ್ಕೂ ಇಟ್ಟ ಒಂದೇ ಹೆಸರು. ಕಾಯಿಲೆ ಯಾವುದು ಅಂತ ಹೇಳದಿದ್ದರೆ ಮದ್ದೂ ಸಿಗುವುದಿಲ್ಲ.

ಮೊದಲು ನಿಜವಾಗಿ ಸರ್ವರ್ ಕೆಡುವುದನ್ನೇ ನೋಡೋಣ. 2025ರ ಫೆಬ್ರುವರಿ ಹೊತ್ತಿಗೆ ರಾಜ್ಯದ ಉಪನೋಂದಣಿ ಕಚೇರಿಗಳಲ್ಲಿ ಕೆಲಸ ನಿಂತಿದ್ದು ನಿಮಗೆ ನೆನಪಿರಬಹುದು. ಕಾವೇರಿ 2.0 ತಂತ್ರಾಂಶದ ಮೇಲೆ ನಕಲಿ ಖಾತೆಗಳಿಂದ ರಾಶಿ ರಾಶಿ ಕೋರಿಕೆ ಕಳಿಸಿ ದಾಳಿ ಮಾಡಲಾಗಿದೆ ಎಂದು ಸರ್ಕಾರವೇ ಹೇಳಿತು, ಪೊಲೀಸ್ ದೂರೂ ದಾಖಲಾಯಿತು. ಅದು ಸರ್ವರ್ ತೊಂದರೆ. ಬೆಂಗಳೂರಿನಲ್ಲಿ ಸರಿಯಾಗುವವರೆಗೆ ನಿಮ್ಮ ತಾಲ್ಲೂಕಿನ ಆಪರೇಟರ್ ಏನೂ ಮಾಡುವ ಹಾಗಿರಲಿಲ್ಲ.

ಆದರೆ ಎಷ್ಟೋ ಸಲ ಕೌಂಟರಿನವರು ‘ಸರ್ವರ್ ಇಲ್ಲ’ ಅನ್ನುವಾಗ ಸರ್ವರ್ ಚೆನ್ನಾಗಿಯೇ ಇರುತ್ತದೆ. ಮುದಿಯಾಗಿರುವುದು ಕೌಂಟರಿನ ಮೇಲಿನ ಕಂಪ್ಯೂಟರ್.

ಕಂಪ್ಯೂಟರ್ ನಡೆಯಲು ಒಳಗೆ ಒಂದು ಮೂಲ ತಂತ್ರಾಂಶ ಬೇಕು. ನಮ್ಮ ಕಚೇರಿಗಳಲ್ಲಿ ಹೆಚ್ಚಾಗಿ ಇರುವುದು ವಿಂಡೋಸ್. ಅದಕ್ಕೂ ಔಷಧಿ ಪಟ್ಟಿಯ ಹಾಗೆ ಮುಗಿಯುವ ತಾರೀಕು ಇದೆ. ವಿಂಡೋಸ್ ಎಕ್ಸ್‌ಪಿ ಬಂದಿದ್ದು 2001ರಲ್ಲಿ, ಕಂಪನಿ ಅದರ ದುರಸ್ತಿ ನಿಲ್ಲಿಸಿದ್ದು 2014ರ ಏಪ್ರಿಲ್ 8ಕ್ಕೆ. ವಿಂಡೋಸ್ 7ಕ್ಕೆ 2020ರ ಜನವರಿ 14 ಕೊನೆ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14. ತಾರೀಕು ಮುಗಿದ ಕೂಡಲೇ ಯಂತ್ರ ನಿಲ್ಲುವುದಿಲ್ಲ. ಅದೇ ಮೋಸ. ಪರದೆ ಹೊತ್ತುತ್ತದೆ, ಮೌಸ್ ಓಡುತ್ತದೆ, ಆದರೆ ಹೊರಗಿನ ಲೋಕ ಒಂದೊಂದಾಗಿ ಬಾಗಿಲು ಹಾಕಿಕೊಳ್ಳುತ್ತದೆ. ಕ್ರೋಮ್ ಬ್ರೌಸರ್ 2023ರಿಂದ ವಿಂಡೋಸ್ 7ಕ್ಕೆ ಹೊಸ ಆವೃತ್ತಿ ಕೊಡುತ್ತಿಲ್ಲ. ಸರ್ಕಾರದ ಜಾಲತಾಣಗಳು ಸುರಕ್ಷತೆಗೆ ಹೊಸ ಬೀಗ ಹಾಕುತ್ತವೆ. ಹಳೆ ಬ್ರೌಸರಿನ ಹತ್ತಿರ ಆ ಬೀಗಕ್ಕೆ ಕೀಲಿ ಇರುವುದಿಲ್ಲ. ಆಗ ಪರದೆ ಮೇಲೆ ಪುಟ ತೆರೆಯುವುದಿಲ್ಲ, ಕೌಂಟರಿನಿಂದ ಮಾತು ಬರುತ್ತದೆ: ‘ಸರ್ವರ್ ಇಲ್ಲ’.

ಇದನ್ನು ಕಂಡುಹಿಡಿಯಲು ಒಂದು ಸುಲಭ ಉಪಾಯವಿದೆ. ಜನರಿಗೆಂದು ಇರುವ ಅದೇ ಜಾಲತಾಣವನ್ನು ನಿಮ್ಮ ಫೋನಿನಲ್ಲಿ ತೆರೆದು ನೋಡಿ. ತೆರೆದುಕೊಂಡರೆ ಆ ತಾಣದ ಸರ್ವರ್ ಇದೆ ಎಂದೇ ಅರ್ಥ. ಕಚೇರಿಯ ಒಳಜಾಲದಲ್ಲಿ ಮಾತ್ರ ನಡೆಯುವ ಕೆಲಸಗಳಿಗೆ ಈ ಪರೀಕ್ಷೆ ಸಾಲದು, ನಿಜ. ಆದರೂ ಕೇಳಲು ಒಂದು ಪ್ರಶ್ನೆಯಾದರೂ ಸಿಗುತ್ತದೆ.

ಇನ್ನೊಂದು ಕಾಯಿಲೆ ಕಚೇರಿಯ ನಾಲ್ಕು ಗೋಡೆಯೊಳಗೇ ಇದೆ. ನಾಲ್ಕು ಕಂಪ್ಯೂಟರಿಗೆ ಒಂದೇ ಪ್ರಿಂಟರ್, ಎಲ್ಲರ ಕಡತವೂ ಮೂಲೆಯ ಒಂದು ಕಂಪ್ಯೂಟರಿನ ಫೋಲ್ಡರಿನಲ್ಲಿ. ಇದನ್ನು ಹಂಚಿಕೆ ಜಾಲ ಅನ್ನುತ್ತಾರೆ. ಹೊಸ ಕಂಪ್ಯೂಟರ್ ಬಂದ ದಿನವೇ ಇಲ್ಲಿ ಜಗಳ ಶುರು. ಎಕ್ಸ್‌ಪಿ ಯಂತ್ರ ಕಡತ ಹಂಚಲು ಆಡುವ ಭಾಷೆ ಎಸ್‌ಎಂಬಿ ಒಂದು, ಬಹಳ ಹಳೆಯದು. 2017ರ ಮೇ 12ರಂದು ವಾನಾಕ್ರೈ ಎಂಬ ವೈರಸ್ ಇದೇ ಹಳೆ ಭಾಷೆಯ ದೋಷ ಹಿಡಿದು ಜಗತ್ತಿನ ಲಕ್ಷಾಂತರ ಕಂಪ್ಯೂಟರುಗಳಿಗೆ ಹರಡಿತು. ಕಡತಗಳಿಗೆ ಬೀಗ ಜಡಿದು ದುಡ್ಡು ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ರೋಗಿಗಳನ್ನು ವಾಪಸ್ ಕಳಿಸಬೇಕಾಯಿತು. ಅದೇ ವರ್ಷದ ಅಕ್ಟೋಬರಿನಿಂದ ಹೊಸದಾಗಿ ಹಾಕಿದ ವಿಂಡೋಸ್ 10ರಲ್ಲಿ ಆ ಭಾಷೆಯನ್ನು ಮೊದಲೇ ಸೇರಿಸುವುದನ್ನು ಕಂಪನಿ ಬಿಟ್ಟಿತು. ಹಾಗಾಗಿ ಹೊಸ ಯಂತ್ರ ಕರೆದರೂ ಹಳೆಯದಕ್ಕೆ ಕೇಳದು, ಹಳೆಯದು ಕೂಗಿದರೂ ಹೊಸದಕ್ಕೆ ತಿಳಿಯದು.

2021ರಲ್ಲಿ ಪ್ರಿಂಟರ್ ಸರದಿ. ವಿಂಡೋಸಿನ ಮುದ್ರಣ ಭಾಗದಲ್ಲಿ ದೊಡ್ಡ ದೋಷ ಸಿಕ್ಕಿತು. ಅದನ್ನು ಮುಚ್ಚಲು ಬಂದ ಅಪ್‌ಡೇಟ್‌ಗಳಿಂದ ಎಷ್ಟೋ ಕಚೇರಿಗಳಲ್ಲಿ ಹಂಚಿಕೆ ಪ್ರಿಂಟರುಗಳು ನಿಂತವು. ಸುರಕ್ಷತೆಗೆಂದು ಹಾಕಿದ ಬೀಗ ಕೆಲಸಕ್ಕೇ ಬಿತ್ತು. ಇಂಥ ಹೊತ್ತಿನಲ್ಲಿ ಕೌಂಟರಿನವರು ಮಾಡುವ ಉಪಾಯ ಎರಡೇ: ಅಪ್‌ಡೇಟ್ ಪೂರ್ತಿ ನಿಲ್ಲಿಸುವುದು, ಇಲ್ಲವೇ ಹಳೆ ಭಾಷೆಯನ್ನು ಮತ್ತೆ ತೆರೆದು ಬಿಡುವುದು. ಅವತ್ತಿನ ಪ್ರಿಂಟ್ ಬರುತ್ತದೆ. ಆದರೆ ಕಳ್ಳ ಬರುವ ಹಿತ್ತಲ ಬಾಗಿಲೂ ತೆರೆದಿರುತ್ತದೆ.

ಹಾಗಾದರೆ ಹಳೆಯದನ್ನೆಲ್ಲ ಗುಜರಿಗೆ ಹಾಕಿ ಅಂತ ನಾವು ಹೇಳುತ್ತಿಲ್ಲ. ಕನ್ನಡದ ಮಟ್ಟಿಗೆ ಅದು ಅಷ್ಟು ಸುಲಭವೂ ಅಲ್ಲ. ಕನ್ನಡ ಗಣಕ ಪರಿಷತ್ತು ಸರ್ಕಾರಕ್ಕೆಂದು ರೂಪಿಸಿದ ‘ನುಡಿ’, ಅದಕ್ಕೂ ಮೊದಲು 1998ರಲ್ಲಿ ಬಂದ ‘ಬರಹ’ ಇವೆರಡೂ ಇಲ್ಲದಿದ್ದರೆ ನಮ್ಮ ಕಚೇರಿಗಳಲ್ಲಿ ಕನ್ನಡವೇ ಇರುತ್ತಿರಲಿಲ್ಲ. ಆದರೆ ಆ ಕಾಲದ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಬಾಡಿಗೆಗಿದ್ದವು. ಫಾಂಟ್ ಇದ್ದರೆ ಪರದೆ ಮೇಲೆ ‘ನಡಾವಳಿ’ ಅಂತ ಕಾಣುತ್ತದೆ. ಫಾಂಟ್ ಇಲ್ಲದಿದ್ದರೆ ತಲೆಬುಡವಿಲ್ಲದ ಇಂಗ್ಲಿಷ್ ಗೀಟುಗಳು. ವಾಟ್ಸಾಪಿನಲ್ಲಿ ಬಂದ ಕಚೇರಿ ಫೈಲು ಫೋನಿನಲ್ಲಿ ಹೀಗೆ ಕಂಡಿದ್ದರೆ ಕಾರಣ ಇದೇ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ವಂತ ಮನೆ ಸಿಕ್ಕಿತ್ತು. ಹಳೆ ಕಡತಗಳು ಮಾತ್ರ ಇನ್ನೂ ಬಾಡಿಗೆ ಮನೆಯಲ್ಲೇ ಉಳಿದಿವೆ.

ಇದನ್ನು ಸಂಭಾಳಿಸುವ ಬಗೆಯನ್ನು ನಾವು ನೋಡಿದ್ದು ಕಚೇರಿಯಲ್ಲಲ್ಲ, ಅಂಗಡಿಯಲ್ಲಿ. ಊರಿನ ಜಾತ್ರೆಯ ಸ್ಮರಣ ಸಂಚಿಕೆಯೋ ಸಹಕಾರ ಸಂಘದ ವರದಿಯೋ ಅಚ್ಚು ಹಾಕಿಸಲು ಬೆಂಗಳೂರಿಗೆ ಹೋದವರಿಗೆ ಚಾಮರಾಜಪೇಟೆ, ಬಸವನಗುಡಿ ಕಡೆಯ ಡಿಟಿಪಿ ಅಂಗಡಿಗಳು ಗೊತ್ತು. ಅಲ್ಲೇ ಎನ್.ಆರ್. ಕಾಲೋನಿಯಲ್ಲಿ ಒಂದು ಚಿಕ್ಕ ಅಂಗಡಿ. ಮೂಲೆಯಲ್ಲಿ ಒಂದು ಹಳೆ ಎಕ್ಸ್‌ಪಿ ಯಂತ್ರ, ಅದರಲ್ಲಿ ಪೇಜ್‌ಮೇಕರ್ 7. ಆ ತಂತ್ರಾಂಶದ ಕೊನೆಯ ದೊಡ್ಡ ಆವೃತ್ತಿ ಬಂದಿದ್ದೇ 2001ರಲ್ಲಿ, ಅದಕ್ಕೆ ಯೂನಿಕೋಡ್ ಗೊತ್ತಿಲ್ಲ. ಇಪ್ಪತ್ತು ವರ್ಷದ ಗಿರಾಕಿಗಳ ಫೈಲುಗಳೆಲ್ಲ ಅದರಲ್ಲೇ ತೆರೆಯಬೇಕು.

‘ಇದಕ್ಕೆ ನೆಟ್ ಕೇಬಲ್ಲೇ ಹಾಕಿಲ್ಲ ಸಾರ್’ ಅಂದರು ಮಾಲೀಕರು. ‘ಹಳೇ ಫೈಲ್ ಇಲ್ಲಿ ತೆಗೀತೀವಿ, ಯೂನಿಕೋಡ್ ಮಾಡ್ತೀವಿ, ಹೊಸ ಸಿಸ್ಟಮ್ಮಿಗೆ ಹಾಕ್ತೀವಿ. ಒಂದ್ಸಲ ಆಚೆ ಹೋದ ಫೈಲು ವಾಪಸ್ ಇದಕ್ಕೆ ಬರಲ್ಲ.’ ಪ್ರಿಂಟರನ್ನೂ ಯಾವ ಕಂಪ್ಯೂಟರಿಗೂ ಹಂಚಿಕೊಟ್ಟಿಲ್ಲ, ಅದಕ್ಕೇ ನೇರ ಕೇಬಲ್ ಕೊಟ್ಟಿದ್ದಾರೆ. ಮನೆಯ ಅಜ್ಜನ ಹಾಗೆ ಆ ಯಂತ್ರ. ಬೀದಿಗೆ ಕಳಿಸುವುದಿಲ್ಲ, ಹೊರಗೂ ಹಾಕುವುದಿಲ್ಲ. ಕೇಳಬೇಕಾದ್ದನ್ನು ಕೇಳಿ ಬರೆದಿಟ್ಟುಕೊಳ್ಳುತ್ತಾರೆ.

ಒಂದು ಸಣ್ಣ ಅಂಗಡಿಗೆ ಇರುವ ಈ ಬುದ್ಧಿ ನಮ್ಮ ಕಚೇರಿಗಳಿಗೆ ಯಾಕೆ ಬರಲಿಲ್ಲ? ಅಂಗಡಿಯಲ್ಲಿ ಫೈಲು ತೆರೆಯದಿದ್ದರೆ ನಷ್ಟ ಮಾಲೀಕರದ್ದು. ಕಚೇರಿಯಲ್ಲಿ ತೆರೆಯದಿದ್ದರೆ ನಷ್ಟ ಕೌಂಟರಿನ ಆಚೆ ನಿಂತವರದ್ದು. ನಮ್ಮ ಪ್ರಕಾರ ಇಡೀ ವಿಷಯ ಇರುವುದು ಇಲ್ಲೇ.

ಆಪರೇಟರನ್ನು ಬಯ್ದು ಫಲವಿಲ್ಲ. ಎಷ್ಟೋ ಕಡೆ ಅವರು ಗುತ್ತಿಗೆ ಮೇಲಿರುವ ಹುಡುಗ ಹುಡುಗಿಯರು. ಯಂತ್ರ ಕೊಳ್ಳುವುದು ಅವರ ಕೈಯಲ್ಲಿಲ್ಲ. ದುಡ್ಡಿಲ್ಲ ಅನ್ನುವ ಮಾತಿನಲ್ಲೂ ಸತ್ಯವಿದೆ. ವಿಂಡೋಸ್ 11 ಹಾಕಬೇಕಾದರೆ ಯಂತ್ರದೊಳಗೆ ಟಿಪಿಎಂ 2.0 ಎಂಬ ಸುರಕ್ಷತಾ ವ್ಯವಸ್ಥೆಯೂ ಸಾಕಷ್ಟು ಹೊಸ ಪ್ರೊಸೆಸರೂ ಬೇಕು. 2017ಕ್ಕಿಂತ ಹಿಂದಿನ ಬಹುಪಾಲು ಯಂತ್ರಗಳಿಗೆ ಅದು ಅಧಿಕೃತವಾಗಿ ಸಿಗದು. ಒಂದೇ ವರ್ಷದಲ್ಲಿ ಎಲ್ಲ ಬದಲಿಸಿ ಅಂದರೆ ಯಾವ ಪಂಚಾಯಿತಿಗೂ ಆಗದು. ಆದರೆ ತಾರೀಕು ವರ್ಷಗಳ ಮೊದಲೇ ಗೊತ್ತಿತ್ತು. ವರ್ಷಕ್ಕೊಂದು ಯಂತ್ರ ಅಂತ ಬಜೆಟ್ಟಿನಲ್ಲಿ ಬರೆದಿಡಲು ಯಾರದೇನು ಅಡ್ಡಿಯಿತ್ತು?

ಭೂಮಿ ಯೋಜನೆಯನ್ನು ನೆನೆಸಿಕೊಳ್ಳಿ. 2000ದ ಆಸುಪಾಸಿನಲ್ಲಿ ಸುಮಾರು 67 ಲಕ್ಷ ರೈತರ ಎರಡು ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿ, ಕೈಬರಹದ ಪಹಣಿ ನಡೆಯದು ಅಂತ ಸರ್ಕಾರ ಹೇಳಿತು. ಒಳ್ಳೆಯದೇ ಆಯಿತು. ಆದರೆ ಪುಸ್ತಕ ಮುಚ್ಚಿ ಯಂತ್ರವನ್ನೇ ನಂಬಿ ಅಂದ ಮೇಲೆ, ಯಂತ್ರ ನಡೆಯುವ ಹಾಗೆ ನೋಡಿಕೊಳ್ಳುವುದೂ ಕೊಟ್ಟ ಮಾತಿನ ಭಾಗವೇ.

ಈಗ ಆ ನಷ್ಟ ಲೆಕ್ಕಕ್ಕೆ ಬರುವುದೇ ಇಲ್ಲ. ಸಕಾಲ ಕಾಯ್ದೆ 2011ರದ್ದು, 2012ರಲ್ಲಿ ಜಾರಿಗೆ ಬಂತು. ಕೆಲಸ ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಅಂತ ಅದರಲ್ಲಿದೆ. ಆದರೆ ದಿನ ಎಣಿಸುವುದು ಅರ್ಜಿ ದಾಖಲಾಗಿ ಸಂಖ್ಯೆ ಸಿಕ್ಕ ಮೇಲೆ. ‘ಸರ್ವರ್ ಇಲ್ಲ’ ಅಂತ ಅರ್ಜಿಯನ್ನೇ ತೆಗೆದುಕೊಳ್ಳದಿದ್ದರೆ? ಸಂಖ್ಯೆ ಇಲ್ಲ, ತಡವೂ ಇಲ್ಲ. ನೀವು ನಾಲ್ಕು ಸಲ ಬಂದು ಹೋದರೂ ಕಾಗದದ ಮೇಲೆ ಆ ಕಚೇರಿ ಒಂದು ದಿನವೂ ತಡ ಮಾಡಿಲ್ಲ.

ಅದಕ್ಕೇ ನಾವು ಕೇಳುವುದು ದೊಡ್ಡದೇನಲ್ಲ. ಕೆಲಸ ನಿಂತ ದಿನ ಕಚೇರಿ ಬೋರ್ಡಿನ ಮೇಲೆ ಕಾರಣ ಬರೆಯಲಿ: ಸರ್ವರ್ ಕೆಟ್ಟಿದೆಯೋ, ನೆಟ್ ಇಲ್ಲವೋ, ಕಂಪ್ಯೂಟರ್ ಹಳೆಯದೋ, ಪ್ರಿಂಟರ್ ಸಿಗುತ್ತಿಲ್ಲವೋ. ಎಷ್ಟು ಗಂಟೆಯಿಂದ ಅಂತಲೂ ಬರೆಯಲಿ. ಬಂದವರ ಅರ್ಜಿಯನ್ನು ಕಾಗದದ ಮೇಲೆ ತೆಗೆದುಕೊಂಡು, ಅವತ್ತಿನ ತಾರೀಕು ಹಾಕಿ, ಸಹಿ ಮಾಡಿದ ಸ್ವೀಕೃತಿ ಕೊಡಲಿ. ದಿನದ ಲೆಕ್ಕ ಅಲ್ಲಿಂದಲೇ ಶುರುವಾಗಲಿ. ಹಳೆ ನುಡಿ ಕಡತಗಳನ್ನು ಯೂನಿಕೋಡಿಗೆ ತರುವ ಕೆಲಸ ಯಂತ್ರ ಸಾಯುವ ಮೊದಲೇ ಆಗಲಿ. ಪರಿವರ್ತಕ ತಂತ್ರಾಂಶಗಳು ಇವೆ, ಬೇಕಾದ್ದು ಕೂತು ಮಾಡಿ ಓದಿ ತಿದ್ದುವವರು. ತಾರೀಕು ಮುಗಿದ ಯಂತ್ರ ಇಟ್ಟುಕೊಳ್ಳಲೇಬೇಕೆಂದಿದ್ದರೆ ಅದರ ನೆಟ್ ಕೇಬಲ್ ಕಿತ್ತಿಡಲಿ.

ನಿಮ್ಮ ಕೈಯಲ್ಲೂ ಒಂದೆರಡು ಕೆಲಸ ಇದೆ. ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ಚರಂಡಿ, ನೀರಿನ ಜೊತೆಗೆ ಇದನ್ನೂ ಕೇಳಿ: ಪಂಚಾಯಿತಿಯಲ್ಲಿ ಎಷ್ಟು ಕಂಪ್ಯೂಟರ್ ಇವೆ, ಯಾವ ವರ್ಷದವು, ಒಳಗೆ ಯಾವ ವಿಂಡೋಸ್ ಇದೆ, ಕಡತಗಳ ಇನ್ನೊಂದು ಪ್ರತಿ ಎಲ್ಲಿಟ್ಟಿದ್ದಾರೆ. ಉತ್ತರ ಸಿಗದಿದ್ದರೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಬರವಣಿಗೆಯಲ್ಲೇ ಕೇಳಬಹುದು, ಮೂವತ್ತು ದಿನದೊಳಗೆ ಹೇಳಬೇಕು.

ಇನ್ನು ಕೌಂಟರಿನಲ್ಲಿ ‘ಸರ್ವರ್ ಇಲ್ಲ’ ಅಂದರೆ ಜಗಳ ಬೇಡ. ‘ಯಾವುದು ಇಲ್ಲ ಮೇಡಂ, ಅದನ್ನೇ ಒಂದು ಚೀಟಿಯಲ್ಲಿ ಬರೆದು ಕೊಡಿ’ ಅಂತ ನಿಧಾನವಾಗಿ ಕೇಳಿ. ಆ ಚೀಟಿ ಅವರಿಗೂ ಒಳ್ಳೆಯದು. ಮೇಲಿನವರ ಹತ್ತಿರ ಹೊಸ ಯಂತ್ರ ಕೇಳುವಾಗ ತೋರಿಸಲು ಒಂದು ದಾಖಲೆಯಾದರೂ ಇರುತ್ತದೆ.