ಪರದೇಶದ ಮುಪ್ಪು

ಹುಟ್ಟುವ ಊರನ್ನು ಯಾರೂ ಆರಿಸಿಕೊಂಡು ಹುಟ್ಟುವುದಿಲ್ಲ. ದುಡಿಯುವ ಊರನ್ನು ಹೊಟ್ಟೆಪಾಡು ಗೊತ್ತುಮಾಡುತ್ತದೆ. ಆದರೆ ದುಡಿಮೆ ಮುಗಿದು, ಮಕ್ಕಳು ತಮ್ಮ ತಮ್ಮ ದಾರಿ ಹಿಡಿದು, ಪಿಂಚಣಿಯ ಹಣವೊಂದು ತಿಂಗಳು ತಪ್ಪದೆ ಕೈಸೇರುತ್ತಿರುವ ಕಾಲದಲ್ಲಿ, ಉಳಿದ ಆಯುಷ್ಯವನ್ನು ತನಗೆ ಮೆಚ್ಚಿಕೆಯಾದ ನೆಲದಲ್ಲಿ ಕಳೆಯುವ ಸ್ವಾತಂತ್ರ್ಯವಾದರೂ ಮನುಷ್ಯನಿಗೆ ಇರಬೇಡವೆ? ಶೀತದೇಶಗಳ ವೃದ್ಧರು ಉಷ್ಣವಲಯದ ಕಡೆಗೆ ಮುಖಮಾಡಿರುವುದು ಈ ಸ್ವಾತಂತ್ರ್ಯವನ್ನು ನೆಚ್ಚಿಕೊಂಡೇ. ಐವತ್ತು ವರ್ಷ ತುಂಬಿದ ವಿದೇಶೀಯನು ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇಟ್ಟರೆ, ಇಲ್ಲವೆ ತಿಂಗಳಿಗೆ 65,000 ಬಾತ್ ವರಮಾನ ತೋರಿಸಿದರೆ, ಥಾಯ್ಲೆಂಡ್ ಅವನಿಗೆ ನೆಲಸುವ ಅನುಮತಿಯನ್ನು ವರ್ಷವರ್ಷವೂ ನವೀಕರಿಸಿ ಕೊಡುತ್ತದೆ; ಮಲೇಷ್ಯಾ 2002ರಿಂದ ಇಂಥ ಯೋಜನೆಯೊಂದನ್ನು ನಡೆಸಿಕೊಂಡು ಬಂದಿದೆ. ನಮ್ಮ ದೇಶದಲ್ಲಿ ನಿವೃತ್ತರಿಗೆಂದೇ ಏರ್ಪಟ್ಟ ವೀಸಾ ಇಲ್ಲ. ಆದರೂ ಅವರು ಬರುತ್ತಾರೆ. ಪ್ರವಾಸಿಗಳೆಂಬ ಹೆಸರಿನಲ್ಲಿ ಬಂದು, ಕೆಲವರು 90 ದಿನ, ಕೆಲವರು 180 ದಿನ, ತಮ್ಮ ತಮ್ಮ ದೇಶಕ್ಕೆ ಸಲ್ಲುವ ಅವಧಿಯಷ್ಟು ಇದ್ದು, ಹೊರಟುಹೋಗಿ, ಮುಂದಿನ ಚಳಿಗಾಲಕ್ಕೆ ಮತ್ತೆ ಬರುತ್ತಾರೆ.

ಹೀಗೆ ಬರುವವರ ಕಣ್ಣಿಗೆ ಗಂಗಾವತಿ ಸೀಮೆಯ ವಿರೂಪಾಪುರಗಡ್ಡೆ ಬಿದ್ದುದರಲ್ಲಿ ಆಶ್ಚರ್ಯವೇನೂ ಇಲ್ಲ. ತುಂಗಭದ್ರೆಯು ಕವಲೊಡೆದು ಮತ್ತೆ ಕೂಡಿಕೊಳ್ಳುವ ಎಡೆಯಲ್ಲಿರುವ ನಡುಗಡ್ಡೆ ಅದು. ಎದುರು ದಡದಲ್ಲಿ ವಿರೂಪಾಕ್ಷನ ಗೋಪುರ, ಬೆನ್ನ ಹಿಂದೆ ದುಂಡುಬಂಡೆಗಳ ಗುಡ್ಡಸಾಲು, ನಡುವೆ ಭತ್ತದ ಗದ್ದೆ, ಬಾಳೆಯ ತೋಟ. ಹಂಪಿಯ ಕಡೆಯಿಂದ ದೋಣಿಯಲ್ಲೋ ಹರಿಗೋಲಿನಲ್ಲೋ ದಾಟಿ ಬಂದವರಿಗೆ ಅಲ್ಲಿ ಗುಡಿಸಲಿನಂಥ ಕೊಠಡಿ, ಜಗಲಿಯಲ್ಲಿ ತೂಗುವ ಬಲೆಮಂಚ, ಬಾಡಿಗೆಗೆ ಸ್ಕೂಟರು ಎಲ್ಲವೂ ಸಿಕ್ಕುತ್ತಿದ್ದುವು. ಊಟದ ಪಟ್ಟಿಯನ್ನು ಹೀಬ್ರೂ ಲಿಪಿಯಲ್ಲಿಯೂ ಬರೆದು ತೂಗುಹಾಕಿದ್ದರು. ಬಂದವರಲ್ಲಿ ತರುಣರೇ ಹೆಚ್ಚು, ನಿಜ. ಆದರೆ ತರುಣರಾಗಿ ಒಮ್ಮೆ ಬಂದು, ತಲೆ ನರೆತ ಮೇಲೆಯೂ ವರುಷ ತಪ್ಪದೆ ಬರುತ್ತಿದ್ದವರು ಇಲ್ಲದಿರಲಿಲ್ಲ. ಬೆಳಿಗ್ಗೆ ಸಾಣಾಪುರದ ಕೆರೆಯವರೆಗೆ ಹೋಗಿಬರುವುದು, ಮಧ್ಯಾಹ್ನ ಪುಸ್ತಕ, ಸಂಜೆ ಬಂಡೆಯ ಮೇಲೆ ಕುಳಿತು ಸೂರ್ಯಾಸ್ತವನ್ನು ನೋಡುವುದು—ಇಂಥ ದಿನಚರಿಯನ್ನು ಹಳಿಯುವ ಮನಸ್ಸು ನನಗಿಲ್ಲ. ನಲವತ್ತು ವರ್ಷ ಗಡಿಯಾರಕ್ಕೆ ಅಡಿಯಾಳಾಗಿ ಬಾಳಿದವರಿಗೆ ಅಷ್ಟು ವಿಶ್ರಾಂತಿ ಸಲ್ಲತಕ್ಕದ್ದೇ.

ಆದರೆ ವಿಶ್ರಾಂತಿಯೇ ಬೇರೆ, ಮುಪ್ಪೇ ಬೇರೆ. ವಿಶ್ರಾಂತಿಗೆ ಹದವಾದ ಹವೆ, ಅಗ್ಗದ ಅನ್ನ, ಸುಂದರವಾದ ನೋಟ ಇವಿಷ್ಟು ಸಾಕು. ಮುಪ್ಪಿಗಾದರೋ ನಡುರಾತ್ರಿ ಎದೆನೋವು ಕಾಣಿಸಿಕೊಂಡಾಗ ಬಾಗಿಲು ತಟ್ಟಿ ಎಬ್ಬಿಸಬಹುದಾದ ನೆರೆಮನೆಯೊಂದು ಬೇಕು. ಗಡ್ಡೆಯ ದೋಣಿ ಸಂಜೆಗೇ ನಿಲ್ಲುತ್ತಿತ್ತು. ಆಮೇಲೆ ಎದುರು ದಡ ಸೇರಬೇಕಾದವರು ಸುತ್ತುಬಳಸಿನ ರಸ್ತೆಯನ್ನು ಹಿಡಿಯಬೇಕು. ಮಳೆಗಾಲದಲ್ಲಿ, ಮೇಲಿನ ಅಣೆಕಟ್ಟಿನ ಬಾಗಿಲುಗಳನ್ನು ತೆರೆದರೆ, ಹಗಲಿನ ದೋಣಿಯೂ ಇಲ್ಲ. 2019ರ ಆಗಸ್ಟ್ ತಿಂಗಳ ಪ್ರವಾಹದಲ್ಲಿ ನೂರಾರು ಜನ ಪ್ರವಾಸಿಗಳು ಅಲ್ಲಿ ಸಿಕ್ಕಿಬಿದ್ದು, ರಕ್ಷಣಾ ಪಡೆಯವರು ದೋಣಿ ಹೆಲಿಕಾಪ್ಟರುಗಳಿಂದ ಅವರನ್ನು ಹೊರಗೆ ತರಬೇಕಾಯಿತು. ಚಳಿಗಾಲದಲ್ಲಿ ನೋಟಕ್ಕೆ ಹಿತವಾಗಿದ್ದ ನೀರೇ ಶ್ರಾವಣದಲ್ಲಿ ಸೆರೆಗೋಡೆಯಾಗುತ್ತದೆ. ನಡುವಿನ ಏಪ್ರಿಲ್-ಮೇ ತಿಂಗಳುಗಳಲ್ಲಿ ಉಷ್ಣಮಾನ 40 ಡಿಗ್ರಿಯನ್ನು ದಾಟಿ, ಕಾದ ಬಂಡೆಗಳು ರಾತ್ರಿಯೂ ಬಿಸಿಯುಗುಳುವುದನ್ನು ನಾಲ್ಕು ತಿಂಗಳ ಅತಿಥಿಯು ಕಂಡಿರುವುದೇ ಇಲ್ಲ.

ಹಿಂದಿನವರಿಗೆ ಈ ವಿವೇಕ ಇದ್ದಂತೆ ತೋರುತ್ತದೆ. ನಿಕೊಲೊ ಕೋಂಟಿ, ಅಬ್ದುಲ್ ರಜಾಕ್, ಪಾಯೆಸ್, ನೂನಿಜ್ ಮೊದಲಾದ ವಿದೇಶೀಯರು ವಿಜಯನಗರದ ಕಾಲದಲ್ಲಿ ಈ ನದಿಯ ದಡಕ್ಕೆ ಬಂದರು. ಚಕ್ಕಳ ಹೊದಿಸಿದ ದುಂಡು ಬುಟ್ಟಿಗಳಲ್ಲಿ ಜನರು ಆನೆಗೊಂದಿಯ ಕಡೆಗೆ ದಾಟುವುದನ್ನು ಪಾಯೆಸನು ಬೆರಗಿನಿಂದ ಬರೆದಿಟ್ಟನು. ಆದರೆ ಇಲ್ಲಿ ಮುದುಕರಾಗಬೇಕೆಂದು ಬಂದವರು ಅವರಲ್ಲಿ ಒಬ್ಬರೂ ಇಲ್ಲ. ಸುರಪುರದ ಸಂಸ್ಥಾನದಲ್ಲಿ ಬಹುಕಾಲ ಅಧಿಕಾರಿಯಾಗಿದ್ದ ಮೆಡೋಸ್ ಟೇಲರನು 1860ರಲ್ಲಿ ಸ್ವದೇಶಕ್ಕೆ ಮರಳಿದನು. ಮರಳಲು ಮನಸ್ಸಿಲ್ಲದ ಬ್ರಿಟಿಷ್ ಪಿಂಚಣಿದಾರರಲ್ಲಿ ಹಲವರು ಆರಿಸಿಕೊಂಡದ್ದು ಸಮುದ್ರಮಟ್ಟದಿಂದ 3,000 ಅಡಿ ಎತ್ತರದ ಬೆಂಗಳೂರಿನ ದಂಡುಪ್ರದೇಶವನ್ನು. ಅಲ್ಲಿಯೂ ತಮ್ಮವರದೇ ಬೀದಿ, ತಮ್ಮದೇ ಇಗರ್ಜಿ, ತಮ್ಮದೇ ಸ್ಮಶಾನಗಳನ್ನು ಕಟ್ಟಿಕೊಂಡ ಮೇಲೆಯೇ ಅವರಿಗೆ ನೆಮ್ಮದಿ. ಇದಕ್ಕೆ ಹೊರತಾದವನು ಕ್ರುಂಬೀಗಲ್ ಎಂಬ ಜರ್ಮನ್ ತೋಟಗಾರಿಕಾ ತಜ್ಞ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಆತನು ಲಾಲ್‌ಬಾಗನ್ನು ಬೆಳೆಸಿ, ಬೀದಿಗಳಿಗೆ ಹೂವಿನ ಮರಗಳನ್ನು ನೆಡಿಸಿ, 1956ರಲ್ಲಿ ಬೆಂಗಳೂರಿನಲ್ಲಿಯೇ ಮಣ್ಣಾದನು. ಆತನನ್ನು ಊರಿನವರು ಪರದೇಶಿಯೆಂದು ಎಣಿಸಲಿಲ್ಲ. ಏಕೆಂದರೆ ಊರಿಗೂ ಆತನಿಗೂ ಕೊಟ್ಟು ತೆಗೆದುಕೊಂಡ ಲೆಕ್ಕವೊಂದು ಸುಮಾರು ಐವತ್ತು ವರ್ಷ ನಡೆದಿತ್ತು.

ನನ್ನ ವಾದದ ತಿರುಳು ಇಲ್ಲಿದೆ. ಮುದುಕನನ್ನು ಹೊರತಕ್ಕದ್ದು ಋಣ; ಹಣದಿಂದ ಕೊಂಡ ಸೇವೆಯಲ್ಲಿ ಋಣ ಉಳಿಯುವುದಿಲ್ಲ. ಕೊಠಡಿಗೆ ಬಾಡಿಗೆ ತೆತ್ತಾಯಿತು, ದೋಣಿಯವನಿಗೆ ಕೂಲಿ ಕೊಟ್ಟಾಯಿತು, ಅಂಗಡಿಯ ಲೆಕ್ಕ ಆಗಿಂದಾಗ ಚುಕ್ತಾ ಆಯಿತು. ಹೀಗೆ ಪ್ರತಿಯೊಂದಕ್ಕೂ ಕೈಮೇಲೆ ಕೊಟ್ಟು ಋಣಮುಕ್ತನಾಗಿ ಬಾಳುವುದೇ ಪರದೇಶದ ಬಾಳಿನ ಸೊಗಸೆಂದು ಗಡ್ಡೆಯ ಅತಿಥಿಯು ತಿಳಿದಿರುತ್ತಾನೆ. ಆದರೆ ಕೈಕಾಲು ಬಿದ್ದ ದಿನ ಆ ಚುಕ್ತಾ ಲೆಕ್ಕವೇ ಅವನಿಗೆ ಮುಳುವಾಗುತ್ತದೆ. ಗಡ್ಡೆಯ ಜನರಲ್ಲಿ ಕರುಣೆಯಿಲ್ಲವೆಂದು ನಾನು ಹೇಳುತ್ತಿಲ್ಲ. ಕಾಯಿಲೆ ಬಿದ್ದ ಅತಿಥಿಗೆ ಗಂಜಿ ಕಾಸಿಕೊಟ್ಟು, ಗಂಗಾವತಿಯ ಆಸ್ಪತ್ರೆಯವರೆಗೆ ಕರೆದೊಯ್ಯುವವರು ಆ ಸೀಮೆಯಲ್ಲಿ ಬೇಕಾದಷ್ಟು ಮಂದಿ. ಆದರೆ ಕರುಣೆ ವಾರಕ್ಕೆ ಸಾಲುವುದು, ವರ್ಷಕ್ಕೆ ಸಾಲದು.

ಗಡ್ಡೆಯಿರುವ ಜಿಲ್ಲೆಯಲ್ಲಿಯೇ ಕಾಣುವ ಇನ್ನೊಂದು ಮುಪ್ಪನ್ನು ನೋಡಿ. ಯಲಬುರ್ಗಾ, ಕುಷ್ಟಗಿ ತಾಲ್ಲೂಕುಗಳ ಮಳೆನಂಬಿದ ಹೊಲಗಳಲ್ಲಿ ಫಸಲು ಕೈಕೊಟ್ಟ ವರ್ಷ ಹರೆಯದವರೆಲ್ಲ ಬೆಂಗಳೂರಿಗೋ ಮಂಗಳೂರಿಗೋ ಗೋವೆಗೋ ಗುಳೆ ಹೋಗುತ್ತಾರೆ. ಮನೆ ಕಾಯಲು ಉಳಿಯುವವರು ಅಜ್ಜ ಅಜ್ಜಿ, ಜೊತೆಗೆ ಮೊಮ್ಮಕ್ಕಳು. ಸಂಧ್ಯಾ ಸುರಕ್ಷಾ ಯೋಜನೆಯಿಂದ ಅಂಥ ಅಜ್ಜಿಗೆ ಬರುವುದು ತಿಂಗಳಿಗೆ 1,200 ರೂಪಾಯಿ. ಗಡ್ಡೆಯ ಅತಿಥಿಗೆ ಅದು ಒಂದೆರಡು ರಾತ್ರಿಯ ಬಾಡಿಗೆಯಾಗುತ್ತಿತ್ತು. ಹಣದ ದೃಷ್ಟಿಯಿಂದ ಇಬ್ಬರನ್ನೂ ಒಟ್ಟಿಗೆ ನೆನೆಯುವುದೇ ಅಸಂಗತವೆನಿಸಬಹುದು. ಆದರೂ ಆ ಅಜ್ಜಿ ಬಿದ್ದರೆ ಓಣಿಯೇ ಓಡಿಬರುತ್ತದೆ. ‘ಏನಾತಬೇ ಯಮ್ಮಾ’ ಎಂದು ಎತ್ತಿ ಕೂರಿಸುವವಳಿಗೆ ಆಕೆಯೇ ಹಿಂದೊಮ್ಮೆ ಬಾಣಂತನ ಮಾಡಿರುತ್ತಾಳೆ. ಇತ್ತ ಬ್ರಿಟನ್ನಿನ ವೃದ್ಧನು ಭಾರತದಲ್ಲಿಯೇ ನೆಲಸಿದನೆಂದರೆ, ಆತನ ಸರಕಾರೀ ಪಿಂಚಣಿ ಆ ಹೊತ್ತಿಗೆ ಎಷ್ಟಿತ್ತೋ ಅಷ್ಟಕ್ಕೇ ನಿಂತುಬಿಡುತ್ತದೆ. ಸ್ವದೇಶದಲ್ಲಿರುವವರಿಗೆ ವರ್ಷವರ್ಷವೂ ಸಿಕ್ಕುವ ಏರಿಕೆ ಅವನಿಗಿಲ್ಲ. ಬಿಟ್ಟುಬಂದ ದೇಶ ಕೈಯನ್ನು ಹಿಂದೆಗೆಯಿತು, ಬಂದ ದೇಶ ಕೈಯನ್ನು ನೀಡಿಲ್ಲ.

ನಮ್ಮ ಪೂರ್ವಿಕರು ಮುಪ್ಪಿನಲ್ಲಿ ಮನೆ ಬಿಟ್ಟು ವಾನಪ್ರಸ್ಥರಾಗಲಿಲ್ಲವೆ, ಇದೇ ಪಂಪಾತೀರದಲ್ಲಿ ಶಬರಿಯು ಏಕಾಕಿನಿಯಾಗಿ ಮುದುಕಿಯಾಗಲಿಲ್ಲವೆ ಎಂದು ಕೇಳುವವರುಂಟು. ಶಬರಿಯು ಮತಂಗರ ಆಶ್ರಮದಲ್ಲಿ ಪರಿಚಾರಿಕೆಯಾಗಿ ಸವೆದವಳು. ಆ ನೆಲದ ಋಣವನ್ನು ಆಕೆ ಗಳಿಸಿಕೊಂಡಿದ್ದಳು. ಬಾಡಿಗೆಯ ಕೊಠಡಿಗೂ ವಾನಪ್ರಸ್ಥಕ್ಕೂ ಸಂಬಂಧವಿಲ್ಲ.

ತಪ್ಪೆಲ್ಲ ಅತಿಥಿಯದೇ ಎನ್ನುವುದೂ ನ್ಯಾಯವಲ್ಲ. ಗಡ್ಡೆಯಲ್ಲಿ ತಲೆಯೆತ್ತಿದ್ದ ತಂಗುಮನೆಗಳು ಸಂರಕ್ಷಿತ ಪ್ರದೇಶದಲ್ಲಿನ ಅಕ್ರಮ ಕಟ್ಟಡಗಳೆಂದು ಉಚ್ಚ ನ್ಯಾಯಾಲಯವು 2015ರಲ್ಲಿ ಕೊಟ್ಟ ತೀರ್ಪನ್ನು 2020ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿಯಿತು. ಮರುತಿಂಗಳೇ ಅವನ್ನು ಕೆಡವಲಾಯಿತು. ಸ್ಮಾರಕಗಳ ದೃಷ್ಟಿಯಿಂದ ಆ ತೀರ್ಪು ಸರಿಯಾದುದೇ. ಆದರೆ ಹತ್ತಾರು ಚಳಿಗಾಲ ಒಂದೇ ಕೊಠಡಿಗೆ ಮರಳಿ ಬರುತ್ತಿದ್ದ ವೃದ್ಧನೊಬ್ಬನು, ತನ್ನದೆಂದು ಭಾವಿಸಿದ ಜಗಲಿಯು ಮೊದಲಿನಿಂದಲೂ ಕಾನೂನಿಗೆ ವಿರುದ್ಧವಾಗಿತ್ತೆಂಬುದನ್ನು ಅದು ಮಣ್ಣಾದ ಮೇಲೆ ತಿಳಿಯಬೇಕಾಗಿ ಬಂದದ್ದಾದರೆ, ಬಾಡಿಗೆ ಎಣಿಸಿಕೊಂಡವರೂ ಕಣ್ಣುಮುಚ್ಚಿಕೊಂಡಿದ್ದ ಆಡಳಿತವೂ ಅದಕ್ಕೆ ಹೊಣೆ. ಪ್ರವಾಸಿಯ ವೀಸಾದಲ್ಲಿ ಬಂದವನಿಗೆ ನೆಲ ಕೊಳ್ಳುವ ಹಕ್ಕಿಲ್ಲ, ನೆಲಸುವ ಹಕ್ಕಿಲ್ಲ. ತಂಗಿದಲ್ಲೆಲ್ಲ 24 ಗಂಟೆಗಳೊಳಗೆ ಆತನ ಹೆಸರು ಸರಕಾರದಲ್ಲಿ ದಾಖಲಾಗಬೇಕು. ಇಪ್ಪತ್ತು ಸಲ ಬಂದರೂ ಆತನು ಇಂದು ಬಂದ ಅಪರಿಚಿತನೇ.

ಆದುದರಿಂದ, ಊರನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಮುಪ್ಪಿಗೆ ಉಂಟು. ಆದರೆ ಅರವತ್ತೈದರ ಮೇಲೆ ಹೊಸ ಊರು ಹುಡುಕುವುದು ಬಹುಮಟ್ಟಿಗೆ ತಡವಾದ ಕೆಲಸ. ಬರಬೇಕೆನ್ನುವವರು ಕೈಯಲ್ಲಿ ಕಸುವು ಇರುವಾಗಲೇ ಬಂದು, ಒಂದು ಬೇಸಗೆಯನ್ನೂ ಒಂದು ಮಳೆಗಾಲವನ್ನೂ ಪೂರ್ತಿ ಕಳೆದು, ಕನ್ನಡ ಕಲಿತು, ತಾವು ಬಲ್ಲ ವಿದ್ಯೆಯನ್ನು ಆನೆಗೊಂದಿಯದೋ ಸಾಣಾಪುರದ್ದೋ ನಾಲ್ಕು ಮಕ್ಕಳಿಗೆ ಹೇಳಿಕೊಡಲಿ. ಹಾಗೆ ಬಾಳಲು ಸಿದ್ಧರಿರುವವರಿಗೆ, ಆರೋಗ್ಯವಿಮೆಯನ್ನೂ ವರಮಾನದ ಪುರಾವೆಯನ್ನೂ ಕೇಳಿ ಪಡೆದು, ನಾಲ್ಕೈದು ವರ್ಷಗಳ ವಾಸದ ಅನುಮತಿಯನ್ನು ಕೇಂದ್ರ ಸರಕಾರವು ಕೊಡುವುದು ಯುಕ್ತ. ಕೊಡಲು ಇಚ್ಛೆಯಿಲ್ಲದಿದ್ದರೆ, ಪ್ರವಾಸೋದ್ಯಮದ ಹೆಸರಿನಲ್ಲಿ ವೃದ್ಧರಿಗೆ ದೀರ್ಘವಾಸದ ಆಸೆ ತೋರಿಸುವುದನ್ನಾದರೂ ನಾವು ನಿಲ್ಲಿಸಬೇಕು.