ಯುದ್ಧ ಬೇಡವೆಂದವರಿಗೂ ವೇದಿಕೆ ಬೇಕು

ಅಮೆರಿಕದ ಹಿರಿಯ ಟಿ.ವಿ. ನಿರೂಪಕ ಫಿಲ್ ಡೊನಾಹ್ಯೂ ಅವರ 2024ರ ನಿಧನವು ಅಲ್ಲಿನ ಮಾಧ್ಯಮಗಳು ಉತ್ತರಿಸದ ಪ್ರಶ್ನೆಯೊಂದನ್ನು ಮತ್ತೆ ಮುಂದಿಟ್ಟಿತು: ಯುದ್ಧ ಬೇಡವೆಂದವರಿಗೆ ವೇದಿಕೆ ಏಕೆ ಸಿಗಲಿಲ್ಲ? ಇರಾಕ್ ಮೇಲಿನ ದಾಳಿಗೆ ಕೆಲವೇ ವಾರಗಳಿದ್ದಾಗ, 2003ರ ಫೆಬ್ರುವರಿಯಲ್ಲಿ, ಎಂಎಸ್‌ಎನ್‌ಬಿಸಿ ವಾಹಿನಿ ಅವರ ಕಾರ್ಯಕ್ರಮವನ್ನು ನಿಲ್ಲಿಸಿತು. ವಾಹಿನಿಯಲ್ಲಿ ಅತಿ ಹೆಚ್ಚು ವೀಕ್ಷಕರಿದ್ದ ಕಾರ್ಯಕ್ರಮವೇ ಅದಾಗಿತ್ತು. ಯುದ್ಧದ ಹೊತ್ತಿನಲ್ಲಿ ಯುದ್ಧವನ್ನು ಪ್ರಶ್ನಿಸುವ ಇಂಥ ನಿರೂಪಕರಿಂದ ಸಂಸ್ಥೆಗೆ ಇಕ್ಕಟ್ಟಾದೀತು ಎಂಬ ಆಂತರಿಕ ಟಿಪ್ಪಣಿ ಬಳಿಕ ಬಯಲಾಯಿತು. ವಾಹಿನಿಯ ಪಾಲುದಾರ ಸಂಸ್ಥೆ ಎನ್‌ಬಿಸಿಯ ಅಂದಿನ ಒಡೆಯ ಜನರಲ್ ಎಲೆಕ್ಟ್ರಿಕ್ ಕಂಪನಿ ಯುದ್ಧವಿಮಾನಗಳ ಎಂಜಿನ್ ತಯಾರಿಸುತ್ತಿತ್ತು ಎಂಬುದನ್ನೂ ಕಡೆಗಣಿಸಲಾಗದು.

ಅದೇ ತಿಂಗಳ 15ರಂದು ಜಗತ್ತಿನ ನೂರಾರು ನಗರಗಳಲ್ಲಿ ಜನ ಯುದ್ಧದ ವಿರುದ್ಧ ಬೀದಿಗಿಳಿದಿದ್ದರು. ಆದರೆ ಅಮೆರಿಕದ ಟಿ.ವಿ. ಚರ್ಚೆಯ ಕುರ್ಚಿಗಳಲ್ಲಿ ಎದ್ದು ಕಂಡವರು ನಿವೃತ್ತ ಸೇನಾಧಿಕಾರಿಗಳು. ಅವರಲ್ಲಿ ಹಲವರಿಗೆ ಏನು ಮಾತನಾಡಬೇಕೆಂದು ಅಮೆರಿಕದ ರಕ್ಷಣಾ ಇಲಾಖೆ ಪೆಂಟಗನ್ ಹೇಳಿಕೊಡುತ್ತಿತ್ತು, ರಕ್ಷಣಾ ಗುತ್ತಿಗೆದಾರರ ನಂಟೂ ಇತ್ತು ಎಂಬುದನ್ನು ನ್ಯೂಯಾರ್ಕ್ ಟೈಮ್ಸ್ 2008ರಲ್ಲಿ ಹೊರಗೆಡವಿತು. ಯುದ್ಧಪೂರ್ವ ವರದಿಗಾರಿಕೆಯಲ್ಲಿ ತನ್ನಿಂದಲೂ ಲೋಪವಾಗಿತ್ತೆಂದು ಅದೇ ಪತ್ರಿಕೆ 2004ರಲ್ಲಿ ಒಪ್ಪಿಕೊಂಡಿತ್ತು. ಅಷ್ಟರಲ್ಲಿ ಇರಾಕ್ ಹೊತ್ತಿ ಉರಿದಿತ್ತು. ಸಾಮೂಹಿಕ ವಿನಾಶದ ಅಸ್ತ್ರಗಳ ದಾಸ್ತಾನು ಎಲ್ಲಿಯೂ ಸಿಗಲಿಲ್ಲ. ದಾಳಿಗೆ ಮೊದಲು ಕೇಳಬೇಕಿದ್ದ ಪ್ರಶ್ನೆಗಳನ್ನು ದಾಳಿಯ ನಂತರ ಕೇಳಿದರೆ ಸತ್ತವರಿಗೆ ನ್ಯಾಯ ದೊರೆಯದು. ಯುದ್ಧದ ಬಗ್ಗೆ ಮಾತನಾಡುವ ಪ್ರತಿಯೊಬ್ಬ ತಜ್ಞರ ಹಣಕಾಸಿನ ನಂಟನ್ನು ವಾಹಿನಿಗಳು ವೀಕ್ಷಕರಿಗೆ ತಿಳಿಸಲೇಬೇಕು. ಯುದ್ಧ ಬೇಡವೆನ್ನುವವರಿಗೂ ಅದೇ ವೇದಿಕೆಯಲ್ಲಿ, ಅಷ್ಟೇ ಸಮಯ ನೀಡಬೇಕು.