ದುಂಬಿ ಕೊರೆಯಿತೆಂದು ಮನೆ ಕೆಡವಬೇಕೆ?

ಬೇಸಗೆಯ ಬಿಸಿಲೇರಿತೆಂದರೆ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಹೆಂಚಿನ ಮನೆಗಳ ಮಾಡಿನಡಿಯಲ್ಲಿ 'ಗುಂಯ್' ಸದ್ದು ಶುರು. ಪಕ್ಕಾಸಿನಲ್ಲಿ ಕಿರುಬೆರಳು ಹೋಗುವಷ್ಟು ದುಂಡನೆಯ ತೂತು, ಜಗಲಿಯಲ್ಲಿ ಮರದ ಹುಡಿ. "ಇನ್ನು ಈ ಮನೆ ಆಗ್ಲಿಕ್ಕಿಲ್ಲ, ಕೆಡವಿ ಟೆರೇಸ್ ಹಾಕುವ" ಎಂಬ ಮಾತು ಅದರ ಬೆನ್ನಿಗೇ ಬರುತ್ತದೆ. ಕೆಡವಲು ಬೇರೆ ಕಾರಣಗಳಿರಬಹುದು. ಅದನ್ನು ದುಂಬಿಯ ತಲೆಗೆ ಕಟ್ಟುವುದು ನ್ಯಾಯವಲ್ಲ.

ಗೆದ್ದಲಿನ ಹಾಗೆ ಬಡಗಿ ದುಂಬಿ ಮರ ತಿನ್ನುವುದಿಲ್ಲ. ಹೆಣ್ಣು ದುಂಬಿ ಕೊರೆದು ಸ್ವಲ್ಪ ಒಳಹೋಗಿ, ಮರದ ನಾರಿನ ಗುಂಟ ತಿರುಗಿ ಓಣಿ ಮಾಡುತ್ತದೆ. ಪರಾಗ, ಮಕರಂದ ಕಲಸಿದ ಉಂಡೆಯ ಮೇಲೊಂದು ಮೊಟ್ಟೆ, ಮರದ ಹುಡಿಯದ್ದೇ ಅಡ್ಡಗೋಡೆ, ಹೀಗೆ ಸಾಲು ಕೋಣೆಗಳು. ಮುಖದೆದುರು ಹಾರಾಡಿ ಹೆದರಿಸುವ ಗಂಡಿಗೆ ಕೊಂಡಿಯೇ ಇಲ್ಲ. ಹೆಣ್ಣಿಗೆ ಉಂಟು, ಹಿಡಿಯಲು ಹೋದರೆ ಮಾತ್ರ ಕುಟುಕೀತು. ಒಂದೆರಡು ತೂತಿನಿಂದ ಮಾಡು ಬೀಳದು. ಆದರೆ ಹಳೆಯ ಓಣಿಯನ್ನೇ ಮುಂದಿನ ಸಂತಾನ ಉದ್ದ ಮಾಡುತ್ತಾ ಹೋಗುವುದರಿಂದ, ವರ್ಷಗಟ್ಟಲೆ ನೋಡದೆ ಬಿಟ್ಟರೆ ಪಕ್ಕಾಸು ಟೊಳ್ಳಾದೀತು.

ಇನ್ನು ಕೆಲವರು ನೇರ ವಿಷದ ಬಾಟ್ಲಿಗೇ ಕೈಹಾಕುತ್ತಾರೆ. ಬೇರೆಲ್ಲಾದರೂ ಸರಿ, ಕಾಸರಗೋಡಿನಲ್ಲಿ ಆಗಬಾರದ ಕೆಲಸವಿದು. 2000ದವರೆಗೂ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಊರಿದು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಡೆಯುವಷ್ಟರಲ್ಲಿ ಎಷ್ಟು ಮನೆಗಳ ಬಾಳು ಹಾಳಾಗಿತ್ತೆಂದು ಪಡ್ರೆಯವರಿಗೆ ಹೇಳಿಕೊಡಬೇಕಾಗಿಲ್ಲ. ಅಟ್ಟಕ್ಕೆ ವಿಷ ಹೊಡೆದು ಅದರಡಿಯಲ್ಲೇ ಮಕ್ಕಳನ್ನು ಮಲಗಿಸುವುದು ಯಾವ ಬುದ್ಧಿ? ಮೇಲಾಗಿ ಹಿತ್ತಿಲ ನುಗ್ಗೆ, ಬದನೆ, ಪ್ಯಾಶನ್ ಫ್ರೂಟ್ ಕಾಯಿಕಚ್ಚುವುದರಲ್ಲಿ ಇದೇ ದುಂಬಿಯ ಉಪಕಾರವಿದೆ. ಬದನೆ ಹೂವನ್ನು ಅದುರಿಸಿ ಪರಾಗ ಉದುರಿಸುವ ವಿದ್ಯೆ ಪೆಟ್ಟಿಗೆ ಜೇನಿಗೆ ಬಾರದು.

ಮದ್ದು ಬಹಳ ಸುಲಭದ್ದು, ಆದರೆ ಏಣಿ ಹತ್ತಬೇಕು. ದುಂಬಿಗೆ ಬೇಕಾದದ್ದು ಪೈಂಟ್ ಇಲ್ಲದ, ಒಣಗಿದ ಮೆದು ಮರ. ಹಿಂದಿನವರು ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಿದ್ದುದು ಸುಮ್ಮನೆ ಅಲ್ಲ (ಅದು ತಾಗಿದರೆ ಚರ್ಮ ಸುಟ್ಟು ಬೊಬ್ಬೆ ಬರುತ್ತದೆ, ಜಾಗ್ರತೆ). ಮಳೆಗಾಲಕ್ಕೆ ಮೊದಲು ಹೆಂಚು ಕೈಯಾಡಿಸುವಾಗ ಪಕ್ಕಾಸು, ರೀಪುಗಳಿಗೆ ಒಂದು ಕೈ ಪೈಂಟ್ ಆದರೂ ಆಗಲಿ. ತೂತಿಗೆ ಮರದ ಬೆಣೆ ಹೊಡೆದು ಮುಚ್ಚಬೇಕು. ಒಳಗೆ ಮರಿಗಳಿರುವಾಗ ಮಾತ್ರ ಬೇಡ. ಹೊರಬರಲು ಅವು ಇನ್ನೊಂದು ತೂತು ಕೊರೆಯುತ್ತವೆ. ಓಡಾಟ ನಿಂತು ಕೆಲವು ವಾರ ಕಳೆದ ಮೇಲೆ ಆಚಾರಿಯನ್ನು ಕರೆದರೆ ಸಾಕು. ಸೂಜಿಮೊನೆಯಂಥ ತೂತು, ಹಿಟ್ಟಿನಂಥ ನಯವಾದ ಹುಡಿ ಕಂಡರೆ ಅದು ದುಂಬಿಯಲ್ಲ, ಕುಟ್ಟೆ. ಅದರ ಚಿಕಿತ್ಸೆಯೇ ಬೇರೆ.

ಬಿದಿರು ಸಿಕ್ಕಿದರೆ ದುಂಬಿಗೆ ಪಕ್ಕಾಸೇ ಬೇಕೆಂದಿಲ್ಲ. ಒಂದು ಬದಿ ಗಂಟು ಉಳಿಯುವಂತೆ ಕಡಿದ ನಾಲ್ಕು ಒಣ ಬಿದಿರ ತುಂಡುಗಳನ್ನು ಹಟ್ಟಿಯ ಹಿಂದೆ, ಮಳೆನೀರು ತಾಗದ ಕಡೆ ಅಡ್ಡಕ್ಕೆ ಕಟ್ಟಿದರಾಯಿತು.